ಊರಿಗೊಂದು ಸಂಬಳ

ಬೇಸಿಗೆ ರಜೆ ಮುಗಿಯಿತೆಂದರೆ ನಮ್ಮ ಶಾಲೆಯ ವೇಳಾಪಟ್ಟಿ ಹಾಕುವ ಕೆಲಸ ನನ್ನ ಕೊರಳಿಗೆ ಬೀಳುತ್ತದೆ. ಎಂಟನೆಯ ತರಗತಿಗೆ ಗಣಿತ ಯಾವ ಪೀರಿಯಡ್ಡು, ವಿಜ್ಞಾನದ ಮೇಡಂ ರಜೆ ಹಾಕಿದರೆ ಅಲ್ಲಿಗೆ ಯಾರನ್ನು ಕಳಿಸುವುದು, ಒಂದೇ ಮೈದಾನವನ್ನು ಮೂರು ತರಗತಿಗೆ ಹೇಗೆ ಹಂಚುವುದು, ಎಲ್ಲ ಕೂಡಿಸಿ ಕಳೆದು ಹೊಂದಿಸಬೇಕು. ಕಾರ್ಖಾನೆಗಳಲ್ಲೂ ಇಂಥದೇ ಕೆಲಸವಿದೆ, ಅದನ್ನು ಮಾಡುವವರಿಗೆ ಪ್ರೊಡಕ್ಷನ್ ಪ್ಲಾನರ್ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ತಂಗಿಯ ಮಗಳಿಂದ.

ಓದು ಮುಗಿಸಿದ ಮೇಲೆ ಅವಳು ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಮನೆಯಲ್ಲಿದ್ದುಕೊಂಡೇ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಿದ್ದಳು. 2014ರಲ್ಲಿ ಮೆಟ್ರೋ ಬಂದಮೇಲೆ ಪೀಣ್ಯ ನಮಗೆ ಪಕ್ಕದ ಬೀದಿಯ ಹಾಗೆ. ಬಟ್ಟೆ ಯಾವತ್ತು ಕಟಿಂಗಿಗೆ ಹೋಗಬೇಕು, ಯಾವ ಲೈನಿನಲ್ಲಿ ಹೊಲಿಯಬೇಕು, ಗುಂಡಿ ಬರುವುದು ಎರಡು ದಿನ ತಡವಾದರೆ ಆ ಲೈನಿಗೆ ಬೇರೆ ಯಾವ ಕೆಲಸ ಕೊಡಬೇಕು, ಕಡೆಗೆ ಹಡಗು ಹತ್ತುವ ತಾರೀಕು ತಪ್ಪದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದೆಲ್ಲ ಅವಳ ತಲೆಯಲ್ಲಿ. ತಿಂಗಳಿಗೆ 28 ಸಾವಿರ ಬರುತ್ತಿತ್ತು.

ಹಾಸನದ ಹುಡುಗನೊಡನೆ ಮದುವೆಯಾಯಿತು. ಒಳ್ಳೆಯ ಹುಡುಗ, ಒಳ್ಳೆಯ ಮನೆ. ಬೆಂಗಳೂರಿನಲ್ಲಿ ಜಾಗ, ಕೂಲಿ ಎರಡೂ ದುಬಾರಿಯಾದ ಮೇಲೆ ಗಾರ್ಮೆಂಟ್ಸ್ ಕಾರ್ಖಾನೆಗಳು ಮದ್ದೂರು, ಹಾಸನ, ಶಿವಮೊಗ್ಗಗಳ ಕಡೆಗೂ ಹರಡಿವೆಯಲ್ಲ, ಹಾಗಾಗಿ ಅಲ್ಲೂ ಅವಳಿಗೆ ಅದೇ ಕೆಲಸ ಸಿಕ್ಕಿತು. ಸಂಬಳ ಮಾತ್ರ 20 ಸಾವಿರ. ಕೇಳಿದರೆ, "ಇದು ಹಾಸನ ಮೇಡಂ, ಇಲ್ಲಿ ಖರ್ಚೇನಿದೆ? ಮನೆ ಬಾಡಿಗೆಯೂ ಇಲ್ಲವಲ್ಲ ನಿಮಗೆ" ಎಂದರಂತೆ.

ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಬಾಡಿಗೆ ಬಲ್ಲವರು ಯಾರೂ ಹೇಳಲಾರರು. ಸರ್ಕಾರವೇ ಇದನ್ನು ಒಪ್ಪಿದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಊರೂರಿಗೆ ಬೇರೆ ಬೇರೆ ಕೂಲಿ ನಿಗದಿ ಮಾಡಲು ಅವಕಾಶವಿತ್ತು. ನಮ್ಮ ರಾಜ್ಯವನ್ನೂ ವಲಯಗಳಾಗಿ ಹಂಚಿ ಬೆಂಗಳೂರನ್ನು ಮೇಲಿನ ವಲಯದಲ್ಲಿಟ್ಟರು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಪ್ರದೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಆದರೆ ನಮ್ಮಂಥ ಸರ್ಕಾರಿ ಮೇಷ್ಟ್ರುಗಳ ಸಂಬಳದಲ್ಲಿ ಇದನ್ನು ಮಾಡಿರುವ ರೀತಿ ನೋಡಿ. 2024ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆ ಮೂಲವೇತನದ ನೂರಕ್ಕೆ 20, ಸಣ್ಣ ಊರು, ಹಳ್ಳಿಗಳಲ್ಲಿ ಏಳೂವರೆ. ಮೂಲವೇತನ 60 ಸಾವಿರವಿದ್ದರೆ ಇಲ್ಲಿ 12,000, ಅಲ್ಲಿ 4,500. ವ್ಯತ್ಯಾಸ ಸಣ್ಣದಲ್ಲ. ಆದರೂ ಮೂಲವೇತನ ಎರಡೂ ಕಡೆ ಒಂದೇ. ಪಾಠಕ್ಕೆ ಇಷ್ಟು, ಊರಿಗೆ ಇಷ್ಟು ಎಂದು ಪ್ರತ್ಯೇಕವಾಗಿ ಚೀಟಿಯಲ್ಲಿ ಬರೆದಿರುತ್ತದೆ. ನನ್ನ ತಂಗಿಯ ಮಗಳ ಸಂಬಳದಲ್ಲಿ ಹಾಗಲ್ಲ, ಕೆಲಸದ ಬೆಲೆಯೇ ಇಳಿದುಹೋಗಿತ್ತು.

ಇನ್ನು ಖರ್ಚಿನ ಮಾತು. ಹಾಸನದಲ್ಲಿ ಬಾಡಿಗೆ ಕಡಿಮೆ, ತರಕಾರಿ ಸ್ವಲ್ಪ ಅಗ್ಗ ಎನ್ನೋಣ. ಮಾತ್ರೆಯ ಚೀಟಿಯ ಮೇಲೆ ಅಚ್ಚಾದ ಬೆಲೆ ಹಾಸನಕ್ಕೆ ಬೇರೆ ಇರುತ್ತದೆಯೆ? ಚಿನ್ನದಂಗಡಿಯವನು ನಿಮ್ಮೂರು ಸಣ್ಣದು ಎಂದು ಗ್ರಾಮಿಗೆ ಸಾವಿರ ಬಿಡುತ್ತಾನೆಯೆ? ಅವಳು ಲೆಕ್ಕ ಹಾಕಿ ಕಳಿಸಿದ ಅಂಗಿಗಳು ಪರದೇಶದ ಅಂಗಡಿಯಲ್ಲಿ ಪೀಣ್ಯದ ಅಂಗಿಗಳ ಪಕ್ಕದಲ್ಲೇ ಅದೇ ಬೆಲೆಗೆ ನೇತಾಡುತ್ತವೆ. ಬಾಡಿಗೆಯ ಮಾತಂತೂ ಬಿಡಿ. ನಮ್ಮ ಮನೆಯಲ್ಲಿದ್ದಾಗಲೂ ಅವಳು ಒಂದು ಪೈಸೆ ಬಾಡಿಗೆ ಕೊಟ್ಟವಳಲ್ಲ. ಅದಕ್ಕಾಗಿ ಪೀಣ್ಯದವರು ಯಾರೂ ಸಂಬಳ ಮುರಿಯಲಿಲ್ಲ.

ಒಂದು ವರ್ಷವಾದ ಮೇಲೆ ಅಲ್ಲಿಗೆ ಅದೇ ಕೆಲಸಕ್ಕೆ ಇನ್ನೊಬ್ಬರು ಬಂದರು. ಅದೇ ಕಂಪನಿಯ ಬೆಂಗಳೂರು ಘಟಕದಿಂದ ವರ್ಗವಾಗಿ ಬಂದ ಗಂಡಸು. ಬೆಂಗಳೂರಿನ ಸಂಬಳ ಒಂದು ರೂಪಾಯಿಯೂ ಕಡಿಮೆಯಾಗದೆ ಅವರ ಜೊತೆಗೇ ಬಂದಿತ್ತು. ಇವಳು ಕೇಳಿದ್ದಕ್ಕೆ, "ಅವರು ಬೆಂಗಳೂರಿಂದ ಬಂದವರು" ಎಂಬ ಉತ್ತರ. ಆ ರಾತ್ರಿ ಫೋನಿನಲ್ಲಿ ಅವಳು ಅಳಲಿಲ್ಲ. "ನಾನೂ ಬೆಂಗಳೂರಿಂದಲೇ ಬಂದವಳಲ್ವಾ ದೊಡ್ಡಮ್ಮ? ಅವರನ್ನ ಕಂಪನಿ ಕಳಿಸ್ತು, ನನ್ನನ್ನ ಮದುವೆ ಕಳಿಸ್ತು, ಅಷ್ಟೇ ವ್ಯತ್ಯಾಸ" ಅಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೆಚ್ಚು ಸಂಬಳವಿರುವ ಊರನ್ನು ಗಂಡಸು ಹುಡುಕಿಕೊಂಡು ಹೋಗುತ್ತಾನೆ. ಪುಣೆಯಾಗಲಿ, ಹೊಸೂರಾಗಲಿ, ಹೆಂಡತಿ ಮಕ್ಕಳು ಹಿಂದೆ ಬರುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಕೊಟ್ಟ ಮನೆಯ ಊರೇ ಸಂಬಳವನ್ನು ಗೊತ್ತುಮಾಡುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಗೆ, ಅವಳ ಕಲಿಕೆಯೂ ಲೆಕ್ಕಕ್ಕೆ ಹೊರಗೆ ಎಂದು ಯಾರೋ ಸದ್ದಿಲ್ಲದೆ ಸೇರಿಸಿಬಿಟ್ಟಿದ್ದಾರೆ.

ಸಂವಿಧಾನದ 39ನೆಯ ವಿಧಿ ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆನ್ನುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಅದಕ್ಕಾಗಿ 1976ರಲ್ಲಿ ಕಾಯ್ದೆ ಬಂತು, ಈಗ ಅದು ವೇತನ ಸಂಹಿತೆಯೊಳಗೆ ಸೇರಿದೆ. ಇದನ್ನೇ ಅವಳಿಗೆ ಹೇಳಿದೆ. ಬಾಯಲ್ಲಿ ಜಗಳವಾಡಬೇಡ, ಕಾಗದದಲ್ಲಿ ಬರಿ. ನಿನ್ನ ಕೆಲಸ ಏನು, ಅವರ ಕೆಲಸ ಏನು, ಎರಡು ಪಟ್ಟಿ ಮಾಡು. ಊರಿನ ಖರ್ಚಿಗೆ ಎಷ್ಟು, ಕೆಲಸಕ್ಕೆ ಎಷ್ಟು, ಬಿಡಿಸಿ ತೋರಿಸಿ ಎಂದು ಕೇಳು. ಅವಳು ಬರೆದಳು. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ನಾಲ್ಕು ಸಾವಿರ ಏರಿಸಿದರು. ಉಳಿದ ನಾಲ್ಕಕ್ಕೆ ಅವಳು ಎರಡನೆಯ ಕಾಗದ ಬರೆದಿದ್ದಾಳೆ.

ಹೆಣ್ಣು ಕೊಡುವಾಗ ನಾವು ಎಷ್ಟೊಂದು ವಿಚಾರಿಸುತ್ತೇವೆ! ಮನೆ ಸ್ವಂತದ್ದೆ, ನೀರು ದಿನವೂ ಬರುತ್ತದೆಯೆ, ಬಸ್‌ಸ್ಟ್ಯಾಂಡು ಎಷ್ಟು ದೂರ? ಹುಡುಗನ ಸಂಬಳವನ್ನಂತೂ ಬಿಡುವುದೇ ಇಲ್ಲ. ನಮ್ಮ ಹುಡುಗಿ ಕಲಿತ ಕೆಲಸ ಆ ಊರಿನಲ್ಲಿ ಇದೆಯೆ, ಇದ್ದರೆ ಅದಕ್ಕೆ ಎಷ್ಟು ಕೊಡುತ್ತಾರೆ, ಗಂಡಸರಿಗೆ ಎಷ್ಟು ಕೊಡುತ್ತಾರೆ ಎಂಬ ಪ್ರಶ್ನೆಗಳನ್ನೂ ಆ ಪಟ್ಟಿಗೆ ಸೇರಿಸಬಾರದೆ? ಕೇಳಿದ ಮಾತ್ರಕ್ಕೆ ಸಂಬಂಧ ಮುರಿಯುವುದಿಲ್ಲ. ಮುರಿದರೆ, ಅಂಥ ಸಂಬಂಧದ ಬಗ್ಗೆ ಮೊದಲೇ ತಿಳಿದದ್ದು ಒಳ್ಳೆಯದೇ ಆಯಿತಲ್ಲ.