ಅವ್ವನ ಹದಿನೆಂಟು ಸೆಕೆಂಡು

ನಮ್ಮ ತಾಯಿಯವರಿಗೆ ಈಗ 78 ವರ್ಷ. ಕಳೆದ ಶ್ರಾವಣದಲ್ಲಿ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದುದನ್ನು ಅವರು ಯಾರಿಗೂ ತಿಳಿಸಿರಲಿಲ್ಲ. ಮೊಣಕೈ ಕಂದಿದ್ದನ್ನು ಕಂಡು ಸೊಸೆ ಕೇಳಿದಾಗಲೇ ಸಂಗತಿ ಹೊರಬಿದ್ದಿತು. "ಹೇಳಿದರೆ ನೀವು ನನ್ನನ್ನು ಅಂಗಳಕ್ಕೂ ಬಿಡುವುದಿಲ್ಲ" ಎಂದರು. ಆ ಭಯ ನಿರಾಧಾರವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ವೈದ್ಯರ ಬಳಿಗೆ ಕರೆದೊಯ್ದೆ. ಅವರು ಯಾವ ಯಂತ್ರವನ್ನೂ ತರಿಸಲಿಲ್ಲ. ಒಂದು ಕುರ್ಚಿ, ಒಂದು ಗಡಿಯಾರ, 3 ಮೀಟರ್ ದೂರದಲ್ಲಿ ನೆಲದ ಮೇಲೊಂದು ಗೆರೆ, ಇಷ್ಟೇ. ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕುಳಿತುಕೊಳ್ಳಬೇಕು. 1991ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳುವ ಸಂಭವ ಅಧಿಕವೆಂದು ಎಣಿಸುವುದುಂಟು. ಅವ್ವನಿಗೆ 18 ಹಿಡಿಯಿತು. ಆದರೆ ವೈದ್ಯರು ಕಾಲಕ್ಕಿಂತ ಮಿಗಿಲಾಗಿ ಗಮನಿಸಿದುದು, ತಿರುಗುವಾಗ ಅವರ ಕೈ ಗೋಡೆಯನ್ನು ಹುಡುಕಿದುದನ್ನು. ಮಲಗಿಸಿ, ಬಳಿಕ ನಿಲ್ಲಿಸಿ ರಕ್ತದೊತ್ತಡ ನೋಡಿದರು. ಮೇಲಿನ ಅಂಕಿ 24ರಷ್ಟು ಇಳಿದಿತ್ತು. 20 ಇಳಿದರೇ ಎಚ್ಚರ ಬೇಕಂತೆ. ಮಾತ್ರೆಗಳನ್ನು ಅವರೇ ಬದಲಿಸಿಕೊಟ್ಟರು.

ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು 10 ಸೆಕೆಂಡು ನಿಲ್ಲುವ ಪರೀಕ್ಷೆಯೂ ಇತ್ತು. ಮನೆಯಲ್ಲಿ ಅದನ್ನು ತೋರಿಸಲು ಹೋಗಿ ನಾನೇ ಓಲಾಡಿದೆ. ಅವ್ವ ಮನಸಾರೆ ನಕ್ಕರು.

ಬಚ್ಚಲಿನ ಗೋಡೆಗೆ ಹಿಡಿಕೆ ಬಂದಿದೆ. ಕೋಲು ಮಾತ್ರ ಬೇಡವೆನ್ನುತ್ತಾರೆ. ಮೊನ್ನೆ ಅಳೆದಾಗ 14 ಸೆಕೆಂಡು. ಅಂಗಳಕ್ಕೆ ಈಗಲೂ ಒಬ್ಬರೇ ಹೋಗುತ್ತಾರೆ. ಅವರಿಗೆ ಕಾಣದಂತೆ ನಾನು ಕಿಟಕಿಯ ಬಳಿ ನಿಂತಿರುತ್ತೇನೆ.