ರಾಜ್ಯಶಾಸ್ತ್ರದ ತರಗತಿಯಲ್ಲಿ ಎದುರುಪಕ್ಷ

ಕಾಲೇಜಿನಲ್ಲಿ ಬೋಧಿಸುವ ವಿಷಯಗಳ ಪೈಕಿ ರಾಜ್ಯಶಾಸ್ತ್ರದ ಸ್ಥಿತಿ ಸ್ವಲ್ಪ ವಿಚಿತ್ರವಾದುದು. ರಸಾಯನಶಾಸ್ತ್ರದ ವಿದ್ಯಾರ್ಥಿ ಆಮ್ಲ, ಪ್ರತ್ಯಾಮ್ಲಗಳ ಬಗ್ಗೆ ಮನೆಯಲ್ಲಿ ವಾದ ಮಾಡಿ ತರಗತಿಗೆ ಬಂದಿರುವುದಿಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದರೋ ಪಕ್ಷ, ಜಾತಿ, ಮೀಸಲಾತಿ, ಚುನಾವಣೆ ಇವೆಲ್ಲವುಗಳ ಬಗೆಗೆ ಗಟ್ಟಿಯಾದ ಅಭಿಪ್ರಾಯಗಳನ್ನು ಹೊತ್ತುಕೊಂಡೇ ಬೆಂಚಿನ ಮೇಲೆ ಕುಳಿತಿರುತ್ತಾನೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನದ 61ನೆಯ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದ ಮೇಲೆ ಪದವಿ ತರಗತಿಯೆಂಬುದು ಬಹುಮಟ್ಟಿಗೆ ಮತದಾರರ ಸಭೆಯೇ ಆಗಿದೆ. ಆ ಸಭೆಯ ಮುಂದೆ ನಿಂತ ಅಧ್ಯಾಪಕನು ಏನನ್ನು, ಹೇಗೆ ಹೇಳಬೇಕು?

ರೂಢಿಯಲ್ಲಿರುವ ಉತ್ತರ ಸರಳವಾದುದು: ಟಿಪ್ಪಣಿ ಬರೆಯಿಸಬೇಕು. ಪರಮಾಧಿಕಾರದ ಲಕ್ಷಣಗಳು ಇಷ್ಟು, ಸಂಸದೀಯ ಪದ್ಧತಿಯ ಗುಣಗಳು ಇಷ್ಟು, ದೋಷಗಳು ಇಷ್ಟು. ಈ ಕ್ರಮವನ್ನು ಹಳಿಯುವುದು ಸುಲಭ, ಆದರೆ ಅದಕ್ಕೂ ಕಾರಣಗಳಿವೆ. ತರಗತಿಗಳು ದೊಡ್ಡವು, ಪಠ್ಯಕ್ರಮ ಉದ್ದವಾದುದು, ಕನ್ನಡ ಮಾಧ್ಯಮದಲ್ಲಿ ಓದಿ ಮುಂಬಯಿಯ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ದಪ್ಪ ಗ್ರಂಥಗಳಿಗಿಂತ ಅಧ್ಯಾಪಕನ ನಾಲ್ಕು ಪುಟಗಳೇ ಆಸರೆ. ಆದರೆ ಆ ಪುಟಗಳು ವಿದ್ಯಾರ್ಥಿಯ ಅಭಿಪ್ರಾಯವನ್ನು ಮುಟ್ಟುವುದೇ ಇಲ್ಲ. ಪರೀಕ್ಷೆಯಲ್ಲಿ ಆತ ಸಮಾನತೆಯ ಬಗ್ಗೆ ಅಚ್ಚುಕಟ್ಟಾಗಿ ಬರೆಯುತ್ತಾನೆ, ಮನೆಗೆ ಹೋಗಿ ಮೊದಲಿನಂತೆಯೇ ಮಾತನಾಡುತ್ತಾನೆ. ಟಿಪ್ಪಣಿಯ ನಿಜವಾದ ದೋಷ ಇದು.

ಇನ್ನೊಂದು ಕ್ರಮ ಸಾಧ್ಯ. ವ್ಯಾಖ್ಯೆಯನ್ನು ಮೊದಲು ಕೊಡದೆ, ಅದು ಹುಟ್ಟಿದ ಜಗಳವನ್ನು ಮೊದಲು ತರಗತಿಯ ಮುಂದಿಡುವುದು. ‘ರಾಜ್ಯ’ ಎಂಬ ಪದವನ್ನೇ ನೋಡಬಹುದು. ಕನ್ನಡದಲ್ಲಿ ಕರ್ನಾಟಕವೂ ರಾಜ್ಯ, ಶಾಸ್ತ್ರಗ್ರಂಥಗಳ ಪ್ರಭುತ್ವವೂ ರಾಜ್ಯ. ಈ ಗೊಂದಲವನ್ನು ತಿದ್ದಿ ಮುಂದೆ ಹೋಗುವ ಬದಲು ಅಧ್ಯಾಪಕನು ಸಂವಿಧಾನದ 12ನೆಯ ವಿಧಿಯನ್ನು ಓದಿಸಬಹುದು. ಮೂಲಭೂತ ಹಕ್ಕುಗಳ ಭಾಗದಲ್ಲಿ ‘ರಾಜ್ಯ’ವೆಂದರೆ ಕೇಂದ್ರದ ಮತ್ತು ರಾಜ್ಯಗಳ ಸರ್ಕಾರ, ಶಾಸನಸಭೆಗಳು ಮಾತ್ರವಲ್ಲ, ಸ್ಥಳೀಯ ಸಂಸ್ಥೆಗಳೂ ಹೌದು ಎನ್ನುತ್ತದೆ ಆ ವಿಧಿ. ಹಾಗಾದರೆ ಬೆಳಿಗ್ಗೆ ನಲ್ಲಿಗೆ ನೀರು ಬಿಟ್ಟ ಮಹಾನಗರಪಾಲಿಕೆಯೂ ರಾಜ್ಯವೇ. ನೀರು ಬಾರದ ಚಾಳಿನ ವಿದ್ಯಾರ್ಥಿಗೆ ಆಗ ಕೇಳಲು ಒಂದು ಪ್ರಶ್ನೆ ದೊರೆಯುತ್ತದೆ. ವ್ಯಾಖ್ಯೆ ಆ ಪ್ರಶ್ನೆಯ ಹಿಂದೆ ತಾನಾಗಿ ಬರುತ್ತದೆ.

ಈ ಕ್ರಮಕ್ಕೆ ಕನ್ನಡಿಗರಿಗೆ ಅತ್ಯಂತ ಹತ್ತಿರದ ಉದಾಹರಣೆಯೆಂದರೆ ಕೇಶವಾನಂದ ಭಾರತಿ ಮೊಕದ್ದಮೆ. ಕಾಸರಗೋಡು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು. ಅಲ್ಲಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿಗೆ ಒದಗಿದ ಆತಂಕವನ್ನು ಹಿಡಿದು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿ ಇತ್ಯರ್ಥವಾಗುವ ಮೊದಲೇ ಸಂಸತ್ತು 24, 25 ಮತ್ತು 29ನೆಯ ತಿದ್ದುಪಡಿಗಳನ್ನು ತಂದಿತು. ಹೊಲದ ಪ್ರಶ್ನೆ ಸಂವಿಧಾನವನ್ನು ತಿದ್ದುವ ಅಧಿಕಾರದ ಪ್ರಶ್ನೆಯಾಗಿ ಬೆಳೆಯಿತು. ಸ್ವಾಮಿಗಳ ಪರವಾಗಿ ವಾದಿಸಿದ ನಾನಿ ಪಾಲ್ಖಿವಾಲಾ, ಕೇರಳದ ಪರವಾಗಿ ವಾದಿಸಿದ ಎಚ್. ಎಂ. ಸೀರವಾಯಿ ಇಬ್ಬರೂ ಮುಂಬಯಿಯ ನ್ಯಾಯವಾದಿಗಳು. 13 ನ್ಯಾಯಾಧೀಶರ ಪೀಠ 68 ದಿನ ವಾದಗಳನ್ನು ಆಲಿಸಿತು. 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. 29ನೆಯ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿದುದರಿಂದ ಮಠಕ್ಕೆ ಮಾತ್ರ ಭೂಮಿಯ ರಕ್ಷಣೆ ಸಿಗಲಿಲ್ಲ. ದೇಶಕ್ಕೆ ಒಂದು ತತ್ತ್ವ ದೊರೆಯಿತು.

ಟಿಪ್ಪಣಿಯಲ್ಲಿ ಇದು ನಾಲ್ಕು ಸಾಲು. ತರಗತಿಯಲ್ಲಿ ನಾಲ್ಕು ವಾರಕ್ಕೂ ಮುಗಿಯದು. ಅಧ್ಯಾಪಕನು ತೀರ್ಪನ್ನು ಹೇಳದೆ ತರಗತಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಠದ ಪಕ್ಷವನ್ನೂ ಇನ್ನೊಂದಕ್ಕೆ ಸರ್ಕಾರದ ಪಕ್ಷವನ್ನೂ ವಹಿಸಬೇಕು. ಜನ ಆರಿಸಿದ ಸಂಸತ್ತಿನ ಕೈಯನ್ನು ಜನ ಆರಿಸದ ನ್ಯಾಯಾಧೀಶರು ಹಿಡಿಯಬಹುದೇ? ಇಂದಿನ ಬಹುಮತ ನಾಳಿನ ಚುನಾವಣೆಯನ್ನೇ ರದ್ದುಮಾಡಿದರೆ ಕೇಳುವವರು ಯಾರು? ಎರಡೂ ಪ್ರಶ್ನೆಗಳಲ್ಲಿ ನ್ಯಾಯವಿದೆ. ವಾದ ಕಾವೇರಿದಾಗ ಪಕ್ಷಗಳನ್ನು ಅದಲುಬದಲು ಮಾಡಬೇಕು. ಈ ವಿಧಾನದ ಜೀವವೆಲ್ಲ ಈ ಅದಲುಬದಲಿನಲ್ಲಿದೆ. ತಾನು ಒಪ್ಪದ ಮಾತನ್ನು ಅದರ ಅತ್ಯುತ್ತಮ ರೂಪದಲ್ಲಿ ಹೇಳಲು ಬಾರದವನಿಗೆ ತಾನು ಒಪ್ಪಿದ ಮಾತೂ ಪೂರ್ತಿಯಾಗಿ ತಿಳಿದಿರುವುದಿಲ್ಲ. ಮೂಲ ಸ್ವರೂಪದ ವಾದವನ್ನು ನ್ಯಾಯಾಲಯದಲ್ಲಿ ವಿರೋಧಿಸಿದ ಸೀರವಾಯಿಯವರೇ ಮುಂದೆ ತಮ್ಮ ಗ್ರಂಥದಲ್ಲಿ ಅದನ್ನು ಒಪ್ಪಿಕೊಂಡರೆಂಬುದನ್ನು ಪಾಠದ ಕೊನೆಗೆ ಹೇಳಿದರೆ ಸಾಕು.

ಮುಂಬಯಿಯ ಕನ್ನಡ ವಿದ್ಯಾರ್ಥಿಗಳ ನಡುವೆ ಈ ಪಾಠ ಇನ್ನೂ ಆಳಕ್ಕೆ ಇಳಿಯುತ್ತದೆ. ಅವರಲ್ಲಿ ಅನೇಕರ ಹಿರಿಯರು ಕರಾವಳಿಯಿಂದ ಬಂದವರು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಕರ್ನಾಟಕದಲ್ಲಿಯೂ ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಭೂಮಿ ಪಡೆದ ಒಕ್ಕಲಿನ ಮೊಮ್ಮಗಳೂ ಭೂಮಿ ಕಳೆದುಕೊಂಡ ಧಣಿಯ ಮೊಮ್ಮಗನೂ ಇಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿರಬಹುದು; ಒಬ್ಬರದು ಇನ್ನೊಬ್ಬರಿಗೆ ತಿಳಿದಿರದೆಯೂ ಇರಬಹುದು. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳ ಅರ್ಥವನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದು ತರುವಂತೆ ಹೇಳಿದರೆ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಆಧಾರಗಳು ತರಗತಿಗೆ ಬರುತ್ತವೆ. ಆಗ ಧಣಿಯ ಮೊಮ್ಮಗ ಒಕ್ಕಲಿನ ಪರವಾಗಿ ವಾದಿಸಬೇಕು; ಒಕ್ಕಲಿನ ಮೊಮ್ಮಗಳು ಗೇಣಿಯ ಅಕ್ಕಿಯನ್ನೇ ನಂಬಿದ್ದ ವಿಧವೆಯೊಬ್ಬಳ ಪರವಾಗಿ ವಾದಿಸಬೇಕು. ಇಬ್ಬರೂ ಮಾತು ಮುಗಿಸಿದ ಮೇಲೆ ಮೂರನೆಯವನೊಬ್ಬ ಉಳಿಯುತ್ತಾನೆ: ಗೇಣಿಯ ಭೂಮಿಯೂ ಇಲ್ಲದ ಕೂಲಿಯಾಳು. ಆತನನ್ನು ತರಗತಿಗೆ ಕರೆತರಲು ಶಿವರಾಮ ಕಾರಂತರ ‘ಚೋಮನ ದುಡಿ’ ನೆರವಾಗುತ್ತದೆ. ಸ್ವಂತ ಬೇಸಾಯದ ಆಸೆ ಜಾತಿಯ ಕಟ್ಟಿನಿಂದಾಗಿ ಕೈಗೂಡದೆ ಹೋದ ಚೋಮನಿಗೆ ಈ ಮೊಕದ್ದಮೆಯಲ್ಲಿ ವಕೀಲರಿರಲಿಲ್ಲ. ಕನ್ನಡ ವಿಭಾಗವೂ ರಾಜ್ಯಶಾಸ್ತ್ರ ವಿಭಾಗವೂ ಕೂಡಿ ಪಾಠ ಮಾಡಬಹುದಾದ ಜಾಗ ಇದೇ.

ಈ ಕ್ರಮದಲ್ಲಿ ಅಪಾಯಗಳಿಲ್ಲವೆಂದಲ್ಲ. ಮನೆಯ ನೋವು ತರಗತಿಯಲ್ಲಿ ಗಾಯವಾಗಬಹುದು. ಯಾರ ಮನೆಯ ಕಥೆಯನ್ನೂ ಹೆಸರು ಹಿಡಿದು ಓದಿಸಬಾರದೆಂಬ ಎಚ್ಚರ ಆದ್ದರಿಂದ ಅಗತ್ಯ. ಅಧ್ಯಾಪಕನ ಸ್ವಂತ ಪಕ್ಷವೂ ಒಂದು ತೊಡಕೇ. ಮ್ಯಾಕ್ಸ್ ವೆಬರ್ 1917ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ಬೋಧನ ಪೀಠ ರಾಜಕೀಯ ಪ್ರಚಾರದ ಸ್ಥಳವಲ್ಲವೆಂದು ವಾದಿಸಿದ. ಕೇಳುವವರು ಎದುರಾಡಲಾರದ ಕಡೆ ಮತಪ್ರಚಾರ ಸಲ್ಲದೆಂಬುದು ಅವನ ನಿಲುವು. ಅಂಕಗಳನ್ನು ಕೈಯಲ್ಲಿಟ್ಟುಕೊಂಡವನ ಮಾತಿಗೆ ಎದುರುತ್ತರ ಹೇಳುವುದು ಇಂದಿಗೂ ಸುಲಭವಲ್ಲ. ಅಧ್ಯಾಪಕನ ಅಭಿಪ್ರಾಯಕ್ಕೂ ಎದುರುಪಕ್ಷವೊಂದನ್ನು ತರಗತಿಯಲ್ಲಿ ಏರ್ಪಡಿಸಿದಾಗ ಮಾತ್ರ ಈ ವಿಧಾನಕ್ಕೆ ಪ್ರಾಮಾಣಿಕತೆ ಬರುತ್ತದೆ.

ಪಠ್ಯಕ್ರಮ ಬದಲಾಗಲಿ ಎಂದು ಇದಕ್ಕಾಗಿ ಕಾಯಬೇಕಾಗಿಲ್ಲ. ವರ್ಷಕ್ಕೆ ಒಂದು ಮೊಕದ್ದಮೆ, ಒಂದು ಅದಲುಬದಲು, ಮನೆಯಿಂದ ತಂದ ಒಂದು ಪುಟ, ಇಷ್ಟಕ್ಕೆ ಸಮಯ ಹೊಂದಿಸಿಕೊಳ್ಳಬಹುದು. ಉಳಿದುದಕ್ಕೆ ಟಿಪ್ಪಣಿ ಇದ್ದೇ ಇದೆ. ಹಾಗೆ ಕಲಿತ ವಿದ್ಯಾರ್ಥಿ ಮುಂದೆ ಕನ್ನಡ ಸಂಘವೊಂದರ ವಾರ್ಷಿಕ ಮಹಾಸಭೆಯಲ್ಲಿ ಕುಳಿತಾಗ, ತನಗೆ ಹಿಡಿಸದ ಠರಾವಿನ ಪರವಾಗಿ ಮಾತನಾಡುವ ಸದಸ್ಯನಿಗೆ ಐದು ನಿಮಿಷ ಹೆಚ್ಚು ಕೊಡಿ ಎಂದು ಅಧ್ಯಕ್ಷರನ್ನು ಕೇಳಿಕೊಂಡರೆ, ಆ ವರ್ಷದ ಪಾಠ ವ್ಯರ್ಥವಾಗಲಿಲ್ಲವೆಂದು ಧಾರಾಳವಾಗಿ ಹೇಳಬಹುದು.