ಚುಟ್ಟಕ್ಕೂ ಅಂಕಪಟ್ಟಿ

ಸಿಗಾರ್ ಸೇದಿ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿಯನ್ನು 1992ರಲ್ಲಿ ಆರಂಭವಾದ ಅಮೆರಿಕದ ‘ಸಿಗಾರ್ ಅಫಿಷಿಯೊನಾಡೊ’ ಪತ್ರಿಕೆ ಜನಪ್ರಿಯಗೊಳಿಸಿತು. ಕಂಪನಿಯ ಕಾಗದದುಂಗುರ ಕಳಚಿ, ಸಂಖ್ಯೆಯಷ್ಟನ್ನೇ ನಮೂದಿಸಿ ಸೇದಲು ಕೊಡುತ್ತಾರೆ. ನಮ್ಮ ಉತ್ತರಪತ್ರಿಕೆಗಳ ಗುಪ್ತಸಂಖ್ಯೆಯ ಹಾಗೆ!

ನನ್ನ ಸಹೋದ್ಯೋಗಿಯಾಗಿದ್ದ ರಸಾಯನಶಾಸ್ತ್ರದ ಮೇಷ್ಟರಿಗೂ ಈ ಹವ್ಯಾಸವಿತ್ತು. ತಿರುಚಿನಾಪಳ್ಳಿಯ ಚುಟ್ಟದಿಂದ ಹವಾನಾದ ಸಿಗಾರ್‌ವರೆಗೆ ಎಲ್ಲಕ್ಕೂ ಒಂದೇ ಪುಸ್ತಕ, ಒಂದೇ ಮಾನದಂಡ. ಬೂದಿ ಎಷ್ಟು ಹೊತ್ತು ಉದುರದೆ ನಿಂತಿತು, ಆರಂಭದ ಕಾಫಿಯಂಥ ಘಮ ಕೊನೆಗೆ ಹೇಗೆ ಖಾರಕ್ಕೆ ತಿರುಗಿತು ಎಂದೆಲ್ಲ ಬರೆದಿಡುತ್ತಿದ್ದರು. ಕೃಪಾಂಕ ಯಾವುದಕ್ಕೂ ಇಲ್ಲ. ದುಬಾರಿ ಹವಾನಾಕ್ಕೆ ದೊರೆತದ್ದು 61. “ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವಲ್ಲ ಸ್ವಾಮಿ” ಎನ್ನುವುದು ಅವರ ಸಮರ್ಥನೆ. ಕ್ಷಾರಗುಣದ ಆ ಹೊಗೆಯ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆಂಬುದು ಅವರಿಗೆ ತಿಳಿಯದ್ದೇನಲ್ಲ.

ನಾಲಿಗೆಯ ಶಸ್ತ್ರಚಿಕಿತ್ಸೆಯ ಬಳಿಕ ಸೇದುವುದು ನಿಂತಿದೆ, ಮಾತು ತೊದಲುತ್ತದೆ. ಪುಸ್ತಕವನ್ನು ಮಾತ್ರ ಯಾರಿಗೂ ಕೊಡಲೊಲ್ಲರು.